ಮೇನ್‌ಫ್ರೇಮ್‌ನಲ್ಲಿ ಹೋಸ್ಟ್ ಹೆಸರು ಸಿಗದಿದ್ದಾಗ: ಬಿದ್ದ ಜಾಬನ್ನೇ ಮೊದಲು ಕೇಳಿ

ಭಾನುವಾರ ನೆಟ್‌ವರ್ಕ್‌ನವರು ಹಳೆಯ ಡಿಎನ್ಎಸ್ ಸರ್ವರ್ (ಹೆಸರು ಕೊಟ್ಟರೆ ಐಪಿ ವಿಳಾಸ ಹೇಳುವುದು) ಒಂದನ್ನು ನಿಲ್ಲಿಸಿದ್ದರು. ಸೋಮವಾರ ರಾತ್ರಿ ಬ್ಯಾಚ್ ಶುರುವಾಗಿ ಸ್ವಲ್ಪ ಹೊತ್ತಿಗೆ ಒಂದು ಕೋಬಾಲ್ ಜಾಬ್ ಬಿತ್ತು, ಅಂದರೆ ಅರ್ಧಕ್ಕೇ ನಿಂತಿತು. ಅದರ ಹಿಂದೆಯೇ ಇನ್ನೊಂದು, ಮತ್ತೊಂದು. ಎಲ್ಲದರಲ್ಲೂ ಒಂದೇ ಕಥೆ. ಹೋಸ್ಟ್ ಹೆಸರಿಗೆ ವಿಳಾಸ ಕೇಳಲು ಪ್ರೋಗ್ರಾಮ್ ಗೆಟ್‌ಹೋಸ್ಟ್‌ಬೈನೇಮ್ ಕರೆದಿದೆ, ವಾಪಸ್ ಬಂದಿದ್ದು ಮೈನಸ್ 1, ಅಂದರೆ ಸಿಗಲಿಲ್ಲ. ನಾವು ಬೆಂಗಳೂರಿನಲ್ಲಿ ನೈಟ್ ಶಿಫ್ಟ್‌ನಲ್ಲಿ ಕೂತು ಆ ಸಿಸ್ಟಮ್ ನೋಡಿಕೊಳ್ಳುತ್ತಿದ್ದೆವು, ಯಂತ್ರ ಇದ್ದದ್ದು ಬೇರೆ ದೇಶದಲ್ಲಿ. ನನ್ನ ಜೊತೆಗಿದ್ದ ಹುಡುಗ ಕೂಡಲೇ ಮೇನ್‌ಫ್ರೇಮ್‌ನ ಯೂನಿಕ್ಸ್ ಶೆಲ್‌ಗೆ ಹೋಗಿ ಅದೇ ಹೆಸರಿಗೆ ಪಿಂಗ್ ಕೊಟ್ಟ. ಉತ್ತರ ಬಂತು.

"ಸರ್, ಡಿಎನ್ಎಸ್ ಸರಿಯಾಗೇ ಇದೆ. ಪ್ರೋಗ್ರಾಮಲ್ಲೇ ಏನೋ ಇದೆ" ಅಂದ.

ಅಪ್ಲಿಕೇಶನ್‌ನವರು ಮೂರು ವರ್ಷದಿಂದ ಪ್ರೋಗ್ರಾಮ್ ಮುಟ್ಟಿಲ್ಲ ಅಂದರು. ನೆಟ್‌ವರ್ಕ್‌ನವರು ಹೊಸ ಸರ್ವರ್ ಚೆನ್ನಾಗಿ ಓಡುತ್ತಿದೆ ಅಂದರು. ಎಲ್ಲರೂ ಹೇಳಿದ್ದು ನಿಜವೇ. ಆದರೂ ಜಾಬ್ ಬೀಳುತ್ತಲೇ ಇತ್ತು, ಕಾಲ್‌ನಲ್ಲಿ ಹನ್ನೊಂದು ಜನ ಸೇರಿಕೊಂಡಿದ್ದರು.

ಆ ರಾತ್ರಿ ಕಲಿತಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಆಮೇಲೆ ಬೇರೆ ಬೇರೆ ಕಡೆ ಕಂಡಿದ್ದನ್ನೂ ಸೇರಿಸಿ. ಮೇನ್‌ಫ್ರೇಮ್‌ನ ಆಪರೇಟಿಂಗ್ ಸಿಸ್ಟಮ್ ಝಡ್/ಓಎಸ್‌ನಲ್ಲಿ ನಿಮ್ಮ ಪಿಂಗ್ ಒಂದು ಫೈಲ್ ಓದಿ ಡಿಎನ್ಎಸ್ ವಿಳಾಸ ತಿಳಿದುಕೊಳ್ಳಬಹುದು, ಬಿದ್ದ ಜಾಬ್ ಪೂರ್ತಿ ಬೇರೆ ಫೈಲ್ ಓದಬಹುದು. ಒಂದೇ ಎಲ್‌ಪಾರ್ (ಯಂತ್ರದೊಳಗಿನ ಒಂದು ಪಾಲು), ಒಂದೇ ಹೆಸರು, ಒಂದೇ ಹೊತ್ತು, ಆದರೂ ಎರಡು ಉತ್ತರ. ಲಿನಕ್ಸ್‌ನಿಂದ ಬಂದವರಿಗೆ ಇದು ನಂಬೋಕೇ ಕಷ್ಟ, ಯಾಕಂದರೆ ಅಲ್ಲಿ ಸಾಮಾನ್ಯವಾಗಿ ಎಲ್ಲರಿಗೂ ಒಂದೇ ರಿಸಾಲ್ವ್.ಕಾನ್ಫ್ ಫೈಲ್. ಇಲ್ಲಿ ಹಾಗಲ್ಲ. ಹಾಗಾಗಿ ಮೊದಲ ಪ್ರಶ್ನೆ "ಡಿಎನ್ಎಸ್ ಕೆಲಸ ಮಾಡುತ್ತಿದೆಯಾ" ಅನ್ನೋದಲ್ಲ. "ಬಿದ್ದ ಪ್ರೋಗ್ರಾಮ್ ಯಾವ ಫೈಲ್ ಓದಿತು, ಯಾವ ಸರ್ವರ್‌ನ ಕೇಳಿತು" ಅನ್ನೋದು.

ರಿಸಾಲ್ವರ್ ಏನು ಹೇಳುತ್ತದೆ ನೋಡಿ

ಹೆಸರು ಹುಡುಕುವ ಕೆಲಸವನ್ನು ಝಡ್/ಓಎಸ್‌ನಲ್ಲಿ ರಿಸಾಲ್ವರ್ ಅನ್ನುವ ಪ್ರತ್ಯೇಕ ಅಡ್ರೆಸ್ ಸ್ಪೇಸ್ (ತನ್ನದೇ ಮೆಮೊರಿಯಲ್ಲಿ ಓಡುವ ಕೆಲಸ) ನೋಡಿಕೊಳ್ಳುತ್ತದೆ. ಯೂನಿಕ್ಸ್ ಸಿಸ್ಟಮ್ ಸರ್ವಿಸಸ್ ಏಳುವಾಗಲೇ ಇದೂ ಏಳುತ್ತದೆ. ಯಾವ ಪ್ರಾಕ್‌ನಿಂದ (ಮೊದಲೇ ಬರೆದಿಟ್ಟ ಜಾಬ್ ಸಾಲುಗಳಿಂದ) ಏಳಬೇಕು ಅನ್ನೋದು ಸಿಸ್ಟಮ್ ಸೆಟ್ಟಿಂಗ್‌ಗಳಿರುವ ಪಾರ್ಮ್‌ಲಿಬ್‌ನ ಬಿಪಿಎಕ್ಸ್‌ಪಿಆರ್‌ಎಂ ಮೆಂಬರ್‌ನಲ್ಲಿ ರಿಸಾಲ್ವರ್_ಪ್ರಾಕ್ ಸಾಲಿನಲ್ಲಿರುತ್ತದೆ. ಅಲ್ಲಿ ಡೀಫಾಲ್ಟ್ ಅಂತ ಇದ್ದರೆ, ಅಥವಾ ಸಾಲೇ ಇಲ್ಲದಿದ್ದರೆ, ಯಾವ ಸೆಟಪ್ ಫೈಲೂ ಇಲ್ಲದೆ ಸಿಸ್ಟಮ್ ತಾನೇ ಅದನ್ನು ಎಬ್ಬಿಸುತ್ತದೆ. ಎಷ್ಟೋ ಕಡೆ ಹೀಗೇ ಬಿಟ್ಟಿರುತ್ತಾರೆ, ಯಾರೂ ಗಮನಿಸಿರುವುದಿಲ್ಲ.

ಕನ್ಸೋಲ್‌ನಲ್ಲಿ ಎಫ್ ರಿಸಾಲ್ವರ್,ಡಿಸ್‌ಪ್ಲೇ ಅಂತ ಕೊಡಿ. ಎರಡು ಸೆಕೆಂಡಿನ ಕೆಲಸ, ಇದರಿಂದ ಏನೂ ಬದಲಾಗುವುದಿಲ್ಲ, ಹೆದರಿಕೆ ಬೇಡ. ಇಝಡ್‌ಝಡ್9298ಐ ಮೆಸೇಜ್‌ಗಳು ಸಾಲಾಗಿ ಬರುತ್ತವೆ: ಡೀಫಾಲ್ಟ್‌ಟಿಸಿಪಿಐಪಿಡೇಟಾ ಯಾವುದು, ಗ್ಲೋಬಲ್‌ಟಿಸಿಪಿಐಪಿಡೇಟಾ ಯಾವುದು, ಹೆಸರು-ವಿಳಾಸಗಳ ಪಟ್ಟಿ ಇರುವ ಐಪಿನೋಡ್ಸ್ ಫೈಲ್‌ಗಳು ಯಾವುವು. ಕ್ಯಾಶ್ ಇದೆಯೋ ಇಲ್ಲವೋ, ಕಾಮನ್‌ಸರ್ಚ್ ಇದೆಯೋ ಇಲ್ಲವೋ ಅನ್ನೋದೂ ಜೊತೆಗೇ ಬರುತ್ತದೆ. ಇದರಲ್ಲಿ ನಿಮ್ಮ ಕಣ್ಣು ಮೊದಲು ಹೋಗಬೇಕಾದ್ದು ಗ್ಲೋಬಲ್ ಸಾಲಿಗೆ, ಅಂದರೆ ಎಲ್ಲ ಪ್ರೋಗ್ರಾಮ್‌ಗಳಿಗೂ ಅನ್ವಯಿಸುವ ಫೈಲಿಗೆ. ಅಲ್ಲಿ ಒಂದು ಡೇಟಾಸೆಟ್ (ಮೇನ್‌ಫ್ರೇಮ್ ಫೈಲ್) ಹೆಸರಿದ್ದರೆ ನಿಮ್ಮ ಅರ್ಧ ಕೆಲಸ ಕಡಿಮೆ. "ನನ್" (ಯಾವುದೂ ಇಲ್ಲ) ಅಂತ ಇದ್ದರೆ ಪ್ರತಿ ಪ್ರೋಗ್ರಾಮ್ ತನ್ನ ತನ್ನ ದಾರಿಯಲ್ಲಿ ಫೈಲ್ ಹುಡುಕಿಕೊಳ್ಳುತ್ತಿದೆ ಅಂತ ಅರ್ಥ.

ಆ ಸೋಮವಾರ ರಾತ್ರಿ ನಮ್ಮ ಸಿಸ್ಟಮ್‌ನಲ್ಲಿ "ನನ್" ಅಂತಲೇ ಇತ್ತು.

ಯಾರು ಯಾವ ದಾರಿ ಹಿಡಿಯುತ್ತಾರೆ

ಗ್ಲೋಬಲ್ ಫೈಲ್ ಇಲ್ಲದಾಗ ದಾರಿ ಎರಡು. ಒಂದು ಯೂನಿಕ್ಸ್ ದಾರಿ. ಮೊದಲು ರಿಸಾಲ್ವರ್_ಕಾನ್ಫಿಗ್ ಅನ್ನುವ ಎನ್ವಿರಾನ್ಮೆಂಟ್ ವೇರಿಯಬಲ್, ಅದಿಲ್ಲದಿದ್ದರೆ /ಇಟಿಸಿ/ರಿಸಾಲ್ವ್.ಕಾನ್ಫ್, ಅದೂ ಇಲ್ಲದಿದ್ದರೆ ಸಿಸ್‌ಟಿಸಿಪಿಡಿ ಅನ್ನುವ ಡಿಡಿ (ಜಾಬ್‌ಗೆ ಯಾವ ಫೈಲ್ ಅಂತ ಹೇಳುವ ಸಾಲು), ಆಮೇಲೆ ಯೂಸರ್‌ಐಡಿ.ಟಿಸಿಪಿಐಪಿ.ಡೇಟಾ, ಸಿಸ್1.ಟಿಸಿಪಿಪಾರ್ಮ್ಸ್‌ನ ಟಿಸಿಪಿಡೇಟಾ ಮೆಂಬರ್, ಡೀಫಾಲ್ಟ್ ಫೈಲ್, ಕೊನೆಗೆ ಟಿಸಿಪಿಐಪಿ.ಟಿಸಿಪಿಐಪಿ.ಡೇಟಾ. ಮೊದಲು ಸಿಕ್ಕಿದ್ದಕ್ಕೇ ನಿಲ್ಲುತ್ತದೆ, ಮುಂದೆ ನೋಡುವುದಿಲ್ಲ.

ಇನ್ನೊಂದು ಎಂವಿಎಸ್ ದಾರಿ, ಅಂದರೆ ಮೇನ್‌ಫ್ರೇಮ್‌ನ ಮೂಲ ದಾರಿ. ಇದಕ್ಕೆ /ಇಟಿಸಿ/ರಿಸಾಲ್ವ್.ಕಾನ್ಫ್ ಅನ್ನೋದೇ ಗೊತ್ತಿಲ್ಲ. ನೇರವಾಗಿ ಸಿಸ್‌ಟಿಸಿಪಿಡಿ ಡಿಡಿಯಿಂದ ಶುರು ಮಾಡಿ ಉಳಿದದ್ದಕ್ಕೆ ಹೋಗುತ್ತದೆ. ಕೋಬಾಲ್ ಪ್ರೋಗ್ರಾಮ್ ನೆಟ್‌ವರ್ಕ್ ಕೆಲಸಕ್ಕೆ ಇಝಡ್‌ಎಸೋಕೆಟ್ ಕರೆದರೆ ಈ ದಾರಿ. ಸಿಐಸಿಎಸ್ ಸಾಕೆಟ್, ಐಎಂಎಸ್ ಸಾಕೆಟ್, ರೆಕ್ಸ್ ಸಾಕೆಟ್ ಎಲ್ಲ ಈ ಕಡೆಯವೇ.

ಈಗ ಗೊತ್ತಾಯ್ತಲ್ವಾ? ನಮ್ಮ ಹುಡುಗ ಶೆಲ್‌ನಲ್ಲಿ ಕೊಟ್ಟ ಪಿಂಗ್ ರಿಸಾಲ್ವ್.ಕಾನ್ಫ್ ಓದಿತ್ತು. ಅದರಲ್ಲಿ ಹೊಸ ಸರ್ವರ್ ವಿಳಾಸ ಶುಕ್ರವಾರವೇ ಹಾಕಿಯಾಗಿತ್ತು. ಕೋಬಾಲ್ ಜಾಬ್ ಆ ಫೈಲಿನ ಹತ್ತಿರವೂ ಸುಳಿಯುವುದಿಲ್ಲ.

ಹಾಗಾದರೆ ಜಾಬ್ ಓದಿದ್ದು ಯಾವುದನ್ನ? ಜೆಸಿಎಲ್ (ಜಾಬ್ ಹೇಗೆ ಓಡಬೇಕು ಅಂತ ಬರೆದ ಸಾಲುಗಳು) ತೆರೆದು ನೋಡಿದೆವು, ಸಿಸ್‌ಟಿಸಿಪಿಡಿ ಇರಲಿಲ್ಲ. ಟಿಸಿಪಿಐಪಿ.ಟಿಸಿಪಿಐಪಿ.ಡೇಟಾ ನೋಡಿದೆವು, ಅದೂ ಸರಿಯಾಗಿತ್ತು. ಇಲ್ಲಿಗೆ ಬಂದಾಗ ಊಹೆ ಮಾಡುವುದನ್ನು ನಿಲ್ಲಿಸಬೇಕು. ನಾವು ನಿಲ್ಲಿಸಲಿಲ್ಲ, ಒಂದೊಂದೇ ಫೈಲ್ ತೆರೆದು ನೋಡುತ್ತಾ ಮುಕ್ಕಾಲು ಗಂಟೆ ಕಳೆದೆವು. ರಿಸಾಲ್ವರ್ ಏನೇನು ಮಾಡಿತು ಅಂತ ಬರೆದು ತೋರಿಸುವ ಟ್ರೇಸ್ ಹಾಕಿದ್ದರೆ ಐದು ನಿಮಿಷ.

ಟ್ರೇಸ್ ಹಾಕುವುದು

ರಿಸಾಲ್ವರ್ ಟ್ರೇಸ್ ತುಂಬಾ ಸುಲಭ. ಇದಕ್ಕೆ ಸಿಸ್ಟಮ್ಸ್ ಪ್ರೋಗ್ರಾಮರ್‌ನ ಕಾಯುವ ಅಗತ್ಯವೇ ಇಲ್ಲ, ಐಪಿಎಲ್ (ಸಿಸ್ಟಮ್ ರೀಬೂಟ್) ಬೇಡ, ರಿಸಾಲ್ವರ್ ನಿಲ್ಲಿಸುವುದೂ ಬೇಡ. ಬಿದ್ದ ಸ್ಟೆಪ್‌ಗೆ ಒಂದು ಡಿಡಿ ಸೇರಿಸಿ:

//ಸಿಸ್‌ಟಿಸಿಪಿಟಿ ಡಿಡಿ ಸಿಸ್‌ಔಟ್=*

ಹೆಸರಿನ ಕೊನೆಯಲ್ಲಿ "ಟಿ" ಇದೆ, ಗಮನಿಸಿ. "ಡಿ" ಇದ್ದರೆ ಅದು ಡೇಟಾ ಫೈಲ್, "ಟಿ" ಇದ್ದರೆ ಟ್ರೇಸ್. ರಾತ್ರಿ ಎರಡು ಗಂಟೆಯಲ್ಲಿ ಈ ಒಂದಕ್ಷರ ತಪ್ಪುವುದು ಬಹಳ ಸುಲಭ. ಟಿಎಸ್‌ಓನಲ್ಲಿ (ಮೇನ್‌ಫ್ರೇಮ್‌ಗೆ ಲಾಗಿನ್ ಆಗಿ ಕಮಾಂಡ್ ಕೊಡುವ ಜಾಗ) ಆದರೆ ಅಲಾಕ್ ಡಿಡಿ(ಸಿಸ್‌ಟಿಸಿಪಿಟಿ) ಡಿಎ(*) ಅಂತ ಕೊಟ್ಟು ಪಿಂಗ್ ಮಾಡಿದರೆ ಟರ್ಮಿನಲ್ ಮೇಲೇ ಬರುತ್ತದೆ. ಯೂನಿಕ್ಸ್ ಶೆಲ್‌ನಲ್ಲಿ ರಿಸಾಲ್ವರ್_ಟ್ರೇಸ್ ವೇರಿಯಬಲ್‌ಗೆ ಒಂದು ಫೈಲಿನ ಹೆಸರು ಕೊಟ್ಟು ಎಕ್ಸ್‌ಪೋರ್ಟ್ ಮಾಡಿ, ಅಥವಾ ಎಸ್‌ಟಿಡಿಔಟ್ ಅಂತ ಕೊಡಿ.

ಟ್ರೇಸ್‌ನ ಮೊದಲ ಇಪ್ಪತ್ತು ಮೂವತ್ತು ಸಾಲಿನಲ್ಲೇ ಬಹುಪಾಲು ಉತ್ತರ ಇರುತ್ತದೆ. ರೆಸ್_ಇನಿಟ್ ಅಂತ ಒಂದು ಭಾಗ ಬರುತ್ತದೆ. ಗ್ಲೋಬಲ್ ಟಿಸಿಪಿ/ಐಪಿ ಡೇಟಾಸೆಟ್ ಇಂಥದ್ದು, ಡೀಫಾಲ್ಟ್ ಇಂಥದ್ದು, ಲೋಕಲ್ ಇಂಥದ್ದು, ಯಾವ ಯೂಸರ್‌ಐಡಿ ಅಥವಾ ಜಾಬ್ ಹೆಸರಿನಲ್ಲಿ ಕೇಳಿದ್ದು, ಯಾವ ಎಪಿಐನಿಂದ ಕರೆ ಬಂದಿದ್ದು, ಎಲ್ಲ ಅಲ್ಲಿದೆ. ಅದರ ಕೆಳಗೆ ಡೊಮೈನ್, ಸರ್ಚ್, ನೇಮ್‌ಸರ್ವರ್, ಟೈಮ್‌ಔಟ್ ಒಂದೊಂದೂ ಒಂದೊಂದು ಸಾಲು. ಪ್ರತಿ ಸಾಲಿನ ಮುಂದೆ ಬ್ರಾಕೆಟ್‌ನಲ್ಲಿ ಒಂದಕ್ಷರ ಇರುತ್ತದೆ. ಜಿ ಇದ್ದರೆ ಗ್ಲೋಬಲ್ ಫೈಲಿನಿಂದ ಬಂದ ಬೆಲೆ, ಎಲ್ ಇದ್ದರೆ ಲೋಕಲ್ ಫೈಲಿನಿಂದ, ನಕ್ಷತ್ರ ಚಿಹ್ನೆ ಇದ್ದರೆ ಯಾರೂ ಕೊಟ್ಟಿಲ್ಲ, ಸಿಸ್ಟಮ್ ತಾನೇ ಹಾಕಿಕೊಂಡಿದ್ದು. ಈ ಒಂದಕ್ಷರ ಓದೋದನ್ನ ಕಲಿತರೆ ಅರ್ಧ ಡಿಎನ್ಎಸ್ ಸಮಸ್ಯೆಗಳನ್ನು ನೀವು ಅಲ್ಲೇ ಹಿಡಿಯುತ್ತೀರಿ.

ನಮ್ಮ ಟ್ರೇಸ್‌ನಲ್ಲಿ ಲೋಕಲ್ ಡೇಟಾಸೆಟ್ ಅನ್ನುವಲ್ಲಿ ಯಾರೂ ಕೇಳಿರದ ಒಂದು ಹೆಸರಿತ್ತು. ನೇಮ್‌ಸರ್ವರ್ ಸಾಲಿನ ಮುಂದೆ ಎಲ್. ವಿಳಾಸ ಭಾನುವಾರ ನಿಲ್ಲಿಸಿದ ಸರ್ವರ್‌ನದೇ.

ಜೆಸಿಎಲ್‌ನಲ್ಲಿ ಸಿಸ್‌ಟಿಸಿಪಿಡಿ ಇರಲಿಲ್ಲ ನಿಜ, ಆದರೆ ಜೆಸಿಎಲ್ ಕರೆಯುತ್ತಿದ್ದ ಪ್ರಾಕ್‌ನಲ್ಲಿತ್ತು. ಎಷ್ಟೋ ವರ್ಷಗಳ ಹಿಂದೆ ಯಾರೋ ಟೆಸ್ಟ್ ಮಾಡಲು ಪ್ರತ್ಯೇಕ ಫೈಲ್ ಮಾಡಿ ಪ್ರಾಕ್‌ನಲ್ಲಿ ಡಿಡಿ ಹಾಕಿದ್ದರು. ಆ ಪ್ರಾಕನ್ನು ಬಳಸುತ್ತಿದ್ದ ಜಾಬ್‌ಗಳೆಲ್ಲ ಅಂದಿನಿಂದ ಆ ಫೈಲನ್ನೇ ಓದುತ್ತಿದ್ದವು. ಹಳೆಯ ಸರ್ವರ್ ಬದುಕಿರುವ ತನಕ ಯಾರಿಗೂ ಗೊತ್ತಾಗಲಿಲ್ಲ. ಆ ಫೈಲ್‌ನಲ್ಲಿ ಒಂದೇ ಒಂದು ವಿಳಾಸ ಬದಲಿಸಿದೆವು, ಜಾಬ್ ರೀಸ್ಟಾರ್ಟ್ ಮಾಡಿದೆವು, ಓಡಿತು. ಕಾಲ್‌ನಲ್ಲಿದ್ದವರು ಒಬ್ಬೊಬ್ಬರಾಗಿ ಇಳಿದರು.

ಜಾಬ್‌ಗಳ ಔಟ್‌ಪುಟ್ ಸೇರುವ ಸ್ಪೂಲ್‌ನಲ್ಲಿ ಜೆಇಎಸ್‌ಜೆಸಿಎಲ್ ನೋಡಿದ್ದರೂ ಸಿಗುತ್ತಿತ್ತು, ಅಲ್ಲಿ ಪ್ರಾಕ್ ಬಿಚ್ಚಿ ತೋರಿಸಿರುತ್ತದೆ. ನಾವು ಲೈಬ್ರರಿಯಲ್ಲಿದ್ದ ಮೂಲ ಜೆಸಿಎಲ್ ಮಾತ್ರ ನೋಡುತ್ತಿದ್ದೆವು.

ಇದೇ ಜಾತಿಯ ಇನ್ನೊಂದು ತೊಂದರೆ ಇದೆ, ತಿರುಗಾಮುರುಗಾ. ಸ್ಟಾರ್ಟೆಡ್ ಟಾಸ್ಕ್‌ಗೆ (ಕನ್ಸೋಲ್‌ನಿಂದ ಎಬ್ಬಿಸುವ ಕೆಲಸ) ಸರಿಯಾದ ಸಿಸ್‌ಟಿಸಿಪಿಡಿ ಕೊಟ್ಟಿರುತ್ತೀರಿ, ಆದರೂ ಅದು ಬೇರೆ ಫೈಲ್ ಓದುತ್ತಿರುತ್ತದೆ. ಆ ಪ್ರೋಗ್ರಾಮ್ ಫೋರ್ಕ್ ಮಾಡುತ್ತಿದೆಯಾ, ಅಂದರೆ ತನ್ನದೇ ಪ್ರತಿಯನ್ನು ಬೇರೆಯಾಗಿ ಎಬ್ಬಿಸುತ್ತಿದೆಯಾ ನೋಡಿ. ಫೋರ್ಕ್ ಆದ ಮಗು ಅಡ್ರೆಸ್ ಸ್ಪೇಸ್‌ಗೆ ತಾಯಿಯ ಡಿಡಿಗಳು ಹೋಗುವುದಿಲ್ಲ. ತಾಯಿಗೆ ಹೆಸರು ಸಿಗುತ್ತದೆ, ಮಗುವಿಗೆ ಸಿಗುವುದಿಲ್ಲ. ಇಂಥ ಕಡೆ ಡಿಡಿ ಬಿಟ್ಟು ರಿಸಾಲ್ವರ್_ಕಾನ್ಫಿಗ್ ವೇರಿಯಬಲ್ ಬಳಸಿ, ಅದು ಮಗುವಿಗೂ ದಾಟುತ್ತದೆ.

ಗ್ಲೋಬಲ್ ಫೈಲ್ ಹಾಕಿ, ಆದರೆ ಪೂರ್ತಿ ಹಾಕಿ

ಮಾರನೇ ವಾರ ನಾವು ರಿಸಾಲ್ವರ್‌ಗೆ ಸೆಟಪ್ ಫೈಲ್ ಮಾಡಿ ಗ್ಲೋಬಲ್‌ಟಿಸಿಪಿಐಪಿಡೇಟಾ ಕೊಟ್ಟೆವು. ನನ್ನ ಕೇಳಿದರೆ ಇದನ್ನು ಎಲ್ಲ ಕಡೆಯೂ ಮಾಡಲೇಬೇಕು. ಎರಡೂ ದಾರಿಗಳಲ್ಲಿ ಗ್ಲೋಬಲ್ ಫೈಲೇ ಮೊದಲು ಬರುತ್ತದೆ, ಡಿಎನ್ಎಸ್ ಸರ್ವರ್ ವಿಳಾಸ ಒಂದೇ ಜಾಗದಲ್ಲಿ ಇರುತ್ತದೆ, ಪ್ರಾಕ್‌ಗಳ ಒಳಗೆ ಅಡಗಿ ಕೂತ ಹಳೆಯ ಫೈಲ್‌ಗಳಿಗೆ ಆ ವಿಷಯದಲ್ಲಿ ಬೆಲೆ ಇರುವುದಿಲ್ಲ.

ಆದರೆ ಇಲ್ಲೊಂದು ನಿಯಮ ಇದೆ, ಅದನ್ನು ಓದದೆ ಮಾಡಿದರೆ ಬೆಳಿಗ್ಗೆ ಹೊಸ ಸಮಸ್ಯೆ ಕಾದಿರುತ್ತದೆ. ಗ್ಲೋಬಲ್ ಫೈಲ್ ಇದ್ದರೆ ರಿಸಾಲ್ವರ್‌ಗೆ ಸಂಬಂಧಿಸಿದ ಸಾಲುಗಳನ್ನೆಲ್ಲ, ಅಂದರೆ ನೇಮ್‌ಸರ್ವರ್, ಡೊಮೈನ್, ಸರ್ಚ್, ಟೈಮ್‌ಔಟ್, ರಿಟ್ರೈ, ಆಪ್ಷನ್ಸ್ ಇವನ್ನು, ಅದರಿಂದ ಮಾತ್ರ ತೆಗೆದುಕೊಳ್ಳುತ್ತದೆ. ಗ್ಲೋಬಲ್‌ನಲ್ಲಿ ಇಲ್ಲ, ಲೋಕಲ್‌ನಲ್ಲಿ ಇದೆ ಅಂದರೆ ಲೋಕಲ್‌ಗೆ ಹೋಗಿ ತರುವುದಿಲ್ಲ. ಡೀಫಾಲ್ಟ್ ಬೆಲೆ ಹಾಕಿಕೊಳ್ಳುತ್ತದೆ. ಹೋಸ್ಟ್‌ನೇಮ್, ಡೇಟಾಸೆಟ್‌ಪ್ರಿಫಿಕ್ಸ್, ಟಿಸಿಪಿಐಪಿಜಾಬ್‌ನೇಮ್ ತರಹದವು ಮಾತ್ರ ಲೋಕಲ್‌ನಿಂದ ಬರಬಹುದು.

ನಾವು ಗ್ಲೋಬಲ್‌ನಲ್ಲಿ ಎರಡು ಎನ್‌ಎಸ್‌ಇಂಟರ್‌ಅಡ್ರ್ (ನೇಮ್ ಸರ್ವರ್ ವಿಳಾಸ) ಸಾಲು ಹಾಕಿದ್ದೆವು, ಡೊಮೈನ್‌ಆರಿಜಿನ್ ಹಾಕಿದ್ದೆವು, ಚಿಕ್ಕ ಹೆಸರಿಗೆ ಯಾವ ಡೊಮೈನ್‌ಗಳನ್ನು ಸೇರಿಸಿ ನೋಡಬೇಕು ಅಂತ ಹೇಳುವ ಸರ್ಚ್ ಸಾಲು ಮರೆತಿದ್ದೆವು. ಅಲ್ಲಿಯವರೆಗೆ ಯೂನಿಕ್ಸ್ ಕಡೆಯ ಸ್ಕ್ರಿಪ್ಟ್‌ಗಳು ರಿಸಾಲ್ವ್.ಕಾನ್ಫ್‌ನಲ್ಲಿದ್ದ ನಾಲ್ಕು ಡೊಮೈನ್‌ಗಳ ಸರ್ಚ್ ನಂಬಿಕೊಂಡು ಬರೀ ಚಿಕ್ಕ ಹೆಸರು ಬಳಸುತ್ತಿದ್ದವು. ಪೂರ್ತಿ ಹೆಸರು ಕೊಟ್ಟರೆ ಸಿಗುತ್ತಿತ್ತು, ಚಿಕ್ಕ ಹೆಸರು ಕೊಟ್ಟರೆ ಸಿಗುತ್ತಿರಲಿಲ್ಲ. ಟ್ರೇಸ್‌ನಲ್ಲಿ ಸರ್ಚ್ ಕೆಳಗೆ ಡೊಮೈನ್‌ಆರಿಜಿನ್‌ನ ಒಂದೇ ಹೆಸರು ಕಂಡಿತು, ವಿಷಯ ಗೊತ್ತಾಯ್ತು. ಸಾಲು ಸೇರಿಸಿ ಎಫ್ ರಿಸಾಲ್ವರ್,ರಿಫ್ರೆಶ್ ಕೊಟ್ಟೆವು.

ರಿಫ್ರೆಶ್ ಬಗ್ಗೆ ಒಂದು ಮಾತು. ಫೈಲ್ ಬದಲಿಸಿದ ಮಾತ್ರಕ್ಕೆ ಆಗಲೇ ಓಡುತ್ತಿರುವ ಸರ್ವರ್‌ಗಳಿಗೆ ಗೊತ್ತಾಗುವುದಿಲ್ಲ. ಅವು ಏಳುವಾಗ ಓದಿಟ್ಟುಕೊಂಡ ಬೆಲೆಗಳನ್ನೇ ಹಿಡಿದು ಕೂತಿರುತ್ತವೆ. ಹೊಸದಾಗಿ ಲಾಗಿನ್ ಆದ ನಿಮಗೆ ಸರಿ ಕಾಣುತ್ತದೆ, ತಿಂಗಳಿಂದ ಓಡುತ್ತಿರುವ ಟಾಸ್ಕ್‌ಗೆ ಹಳೆಯದೇ. ರಿಫ್ರೆಶ್ ಕೊಟ್ಟ ಮೇಲೆ ಮುಂದಿನ ಸಲ ಹೆಸರು ಕೇಳುವಾಗ ಎಲ್ಲವೂ ಫೈಲ್ ಮತ್ತೆ ಓದುತ್ತವೆ. ಟಾಸ್ಕ್ ನಿಲ್ಲಿಸಿ ಎಬ್ಬಿಸುವ ಅಗತ್ಯ ಇಲ್ಲ. ಸೆಟಪ್ ಫೈಲನ್ನೇ ಬದಲಿಸಿದ್ದರೆ ರಿಫ್ರೆಶ್,ಸೆಟಪ್= ಅಂತ ಅದರ ಹೆಸರನ್ನೂ ಕೊಡಬೇಕು, ಇಲ್ಲದಿದ್ದರೆ ಸೆಟಪ್ ಓದುವುದಿಲ್ಲ.

ಫೈಲ್ ಸರಿಯಿದೆ, ಆದರೂ ಓದುತ್ತಿಲ್ಲ ಅಂದರೆ ಎರಡು ವಿಷಯ ನೋಡಿ. ಒಂದು ಎಬ್ಸಿಡಿಕ್, ಮೇನ್‌ಫ್ರೇಮ್ ಬಳಸುವ ಅಕ್ಷರ ಸಂಕೇತ. ಲ್ಯಾಪ್‌ಟಾಪ್‌ನಲ್ಲಿ ಬರೆದು ಬೈನರಿಯಾಗಿ ಕಳಿಸಿದ ರಿಸಾಲ್ವ್.ಕಾನ್ಫ್ ಆಸ್ಕಿಯಲ್ಲೇ ಕೂತಿರುತ್ತದೆ. ಓಡಿ -ಎಕ್ಸ್ ಕೊಟ್ಟು ಮೊದಲ ಬೈಟ್ ನೋಡಿ. "ನೇಮ್‌ಸರ್ವರ್" ಪದದ ಮೊದಲ ಇಂಗ್ಲಿಷ್ ಅಕ್ಷರ ಎಬ್ಸಿಡಿಕ್‌ನಲ್ಲಿ 95, ಆಸ್ಕಿಯಲ್ಲಿ 6ಇ. 6ಇ ಕಂಡರೆ ಐಕಾನ್ವ್ ಬಳಸಿ ಐಬಿಎಂ-1047ಕ್ಕೆ ಬದಲಿಸಿ. ಎರಡನೆಯದು ಸಾಲಿನ ಮುಂದಿರುವ ಸಿಸ್ಟಮ್ ಹೆಸರು. ಹಲವು ಎಲ್‌ಪಾರ್‌ಗಳಿಗೆ ಒಂದೇ ಟಿಸಿಪಿಐಪಿ.ಡೇಟಾ ಇದ್ದಾಗ ಸಾಲಿನ ಮುಂದೆ ಸಿಸ್ಟಮ್ ಹೆಸರು, ಕೋಲನ್ ಹಾಕುವ ಪದ್ಧತಿ ಇದೆ. ಆ ಹೆಸರು ಈ ಸಿಸ್ಟಮ್‌ಗೆ ಹೊಂದದಿದ್ದರೆ ಸಾಲನ್ನೇ ಬಿಟ್ಟು ಮುಂದೆ ಹೋಗುತ್ತದೆ, ಎರರ್ ಕೂಡ ಕೊಡುವುದಿಲ್ಲ. ಎಲ್‌ಪಾರ್ ನಕಲು ಮಾಡಿ ಹೊಸ ಹೆಸರು ಕೊಟ್ಟಾಗ ಇದನ್ನು ನಾನು ಕಂಡಿದ್ದೇನೆ.

ನೆಟ್‌ವರ್ಕ್‌ನವರು ಸರಿಮಾಡಿದರು, ನಮಗೆ ಮಾತ್ರ ಹಳೆಯದೇ ಬರುತ್ತಿದೆ

ಇದು ಕ್ಯಾಶ್. 2009ರಲ್ಲಿ ಬಂದ ಝಡ್/ಓಎಸ್ 1.11ರಿಂದ ರಿಸಾಲ್ವರ್ ತಾನೇ ಉತ್ತರಗಳನ್ನು ನೆನಪಿಟ್ಟುಕೊಳ್ಳುತ್ತದೆ. ಬೇಡ ಅಂತ ನೋಕ್ಯಾಶ್ ಹಾಕದಿದ್ದರೆ ಅದು ಆನ್ ಆಗಿಯೇ ಇರುತ್ತದೆ. ಆಮೇಲೆ ಝಡ್/ಓಎಸ್ 2.1ರಲ್ಲಿ ಮೇನ್‌ಫ್ರೇಮ್ ಮೇಲೆ ಓಡುತ್ತಿದ್ದ ಬೈಂಡ್ ನೇಮ್ ಸರ್ವರನ್ನೇ ತೆಗೆದುಹಾಕಿದರು, ಬರೀ ಕ್ಯಾಶ್‌ಗೋಸ್ಕರ ಅದನ್ನು ಓಡಿಸುತ್ತಿದ್ದವರು ಈ ಕಡೆ ಬಂದರು.

ಕ್ಯಾಶ್‌ನಲ್ಲಿ ಏನಿದೆ ನೋಡಲು ಶೆಲ್‌ನಲ್ಲಿ ನೆಟ್‌ಸ್ಟಾಟ್ -ಕ್ಯೂ ಡೀಟೇಲ್ ಕೊಡಿ, ಟಿಎಸ್‌ಓನಲ್ಲಿ ನೆಟ್‌ಸ್ಟಾಟ್ ರೆಸ್‌ಕ್ಯಾಶ್ ಡೀಟೇಲ್. ಪ್ರತಿ ಹೆಸರಿನ ಜೊತೆ ಅದು ಯಾವ ನೇಮ್ ಸರ್ವರ್‌ನಿಂದ ಬಂತು, ಯಾವಾಗ ಅವಧಿ ಮುಗಿಯುತ್ತದೆ ಅನ್ನೋದು ಇರುತ್ತದೆ. ಉತ್ತರಗಳನ್ನು ನೇಮ್ ಸರ್ವರ್ ಲೆಕ್ಕದಲ್ಲೇ ಇಟ್ಟಿರುತ್ತದೆ ಅನ್ನೋದು ನೆನಪಿರಲಿ. ಎರಡು ಪ್ರೋಗ್ರಾಮ್ ಬೇರೆ ಬೇರೆ ಸರ್ವರ್ ಕೇಳುತ್ತಿದ್ದರೆ ಒಬ್ಬರ ಕ್ಯಾಶ್ ಇನ್ನೊಬ್ಬರಿಗೆ ಸಿಗುವುದಿಲ್ಲ.

ಜನ ಮರೆಯುವುದು "ಇಲ್ಲ" ಅನ್ನುವ ಉತ್ತರವನ್ನೂ ಅದು ನೆನಪಿಡುತ್ತದೆ ಅನ್ನೋದನ್ನ. ಹೊಸ ಸರ್ವರ್‌ಗೆ ಹೆಸರು ಕೊಡುವ ಮುಂಚೆಯೇ ಯಾರೋ ಜಾಬ್ ಓಡಿಸುತ್ತಾರೆ, ಡಿಎನ್ಎಸ್ ಅಂಥ ಹೆಸರಿಲ್ಲ ಅನ್ನುತ್ತದೆ, ಆ "ಇಲ್ಲ" ಕ್ಯಾಶ್‌ಗೆ ಹೋಗುತ್ತದೆ. ಹತ್ತು ನಿಮಿಷದ ಮೇಲೆ ನೆಟ್‌ವರ್ಕ್‌ನವರು ರೆಕಾರ್ಡ್ ಸೇರಿಸುತ್ತಾರೆ, ಅವರ ಲ್ಯಾಪ್‌ಟಾಪ್‌ನಲ್ಲಿ ಬರುತ್ತದೆ, ಇಲ್ಲಿ ಬರುವುದಿಲ್ಲ. ನೆಟ್‌ಸ್ಟಾಟ್ ಕಮಾಂಡ್‌ಗೆ ನೆಗೆಟಿವ್ ಸೇರಿಸಿದರೆ ಈ "ಇಲ್ಲ"ಗಳ ಪಟ್ಟಿ ಕಾಣುತ್ತದೆ. ಎಫ್ ರಿಸಾಲ್ವರ್,ಫ್ಲಶ್,ಆಲ್ ಕೊಟ್ಟರೆ ಕ್ಯಾಶ್ ಪೂರ್ತಿ ಖಾಲಿ. ಹಗಲು ಹೊತ್ತಿನಲ್ಲೂ ಕೊಡಬಹುದು, ಸ್ವಲ್ಪ ಹೊತ್ತು ನೇಮ್ ಸರ್ವರ್‌ಗೆ ಪ್ರಶ್ನೆಗಳು ಜಾಸ್ತಿ ಹೋಗುತ್ತವೆ ಅಷ್ಟೇ. ಪದೇ ಪದೇ ಇದೇ ತೊಂದರೆ ಆದರೆ ಸೆಟಪ್ ಫೈಲ್‌ನಲ್ಲಿ ಮ್ಯಾಕ್ಸ್‌ಟಿಟಿಎಲ್ (ನೆನಪಿಡುವ ಗರಿಷ್ಠ ಅವಧಿ) ಇಳಿಸಿ. "ಇಲ್ಲ"ಗಳಿಗೆ ಮಾತ್ರ ಬೇರೆ ಮಿತಿ ಕೊಡುವ ಮ್ಯಾಕ್ಸ್‌ನೆಗ್‌ಟಿಟಿಎಲ್ ಹೊಸ ಆವೃತ್ತಿಗಳಲ್ಲಿದೆ.

ಫ್ಲಶ್ ಮಾಡಿದರೂ ಹಳೆಯದೇ ಬಂದರೆ? ರಿಸಾಲ್ವರ್ ಮೇಲೆ ಇನ್ನೊಂದು ನೆನಪು ಕೂತಿದೆ. ಜಾವಾ ತನ್ನೊಳಗೇ ಹೆಸರುಗಳನ್ನು ಇಟ್ಟುಕೊಳ್ಳುತ್ತದೆ, ಆ ಅವಧಿ ಜಾವಾ ಸೆಕ್ಯುರಿಟಿ ಫೈಲಿನ ನೆಟ್‌ವರ್ಕ್‌ಅಡ್ರೆಸ್.ಕ್ಯಾಶ್.ಟಿಟಿಎಲ್ ಸಾಲಿನಲ್ಲಿರುತ್ತದೆ. ಸಿಐಸಿಎಸ್‌ನಲ್ಲಿ ಇಝಡ್‌ಎಸಿಐಸಿ25 ಮಾಡ್ಯೂಲ್ ಬಳಸುವ ಹಳೆಯ ಕಡೆಗಳಲ್ಲಿ ವಿಸ್ಯಾಮ್ ಫೈಲ್‌ನಲ್ಲಿ ಅದರದ್ದೇ ಕ್ಯಾಶ್ ಇದೆ. ರಿಸಾಲ್ವರ್ ಫ್ಲಶ್ ಇವೆರಡನ್ನೂ ಮುಟ್ಟುವುದಿಲ್ಲ.

ಇಲ್ಲೇ ಎನ್‌ಎಸ್‌ಲುಕಪ್ ಬಗ್ಗೆ ಹೇಳಿಬಿಡುತ್ತೇನೆ. ಎನ್‌ಎಸ್‌ಲುಕಪ್, ಡಿಗ್ ಎರಡೂ ನೇರವಾಗಿ ನೇಮ್ ಸರ್ವರ್‌ಗೆ ಹೋಗುತ್ತವೆ. ರಿಸಾಲ್ವರ್ ಕ್ಯಾಶ್ ನೋಡುವುದಿಲ್ಲ, ಹೋಸ್ಟ್ಸ್ ಫೈಲ್ ನೋಡುವುದಿಲ್ಲ. ಸರ್ವರ್ ಏನು ಹೇಳುತ್ತದೆ ಅಂತ ತಿಳಿಯಲು ಅವು ಒಳ್ಳೆಯವು. ಪ್ರೋಗ್ರಾಮ್‌ಗೆ ಏನು ಸಿಗುತ್ತದೆ ಅಂತ ತಿಳಿಯಲು ಅವು ಸಾಲದು, ಅದಕ್ಕೆ ಪಿಂಗ್ ಬೇಕು, ಇನ್ನೂ ಒಳ್ಳೆಯದು ಆ ಪ್ರೋಗ್ರಾಮ್‌ನ ಟ್ರೇಸ್. ಡಿಗ್‌ನಲ್ಲಿ ಒಂದು ವಿಳಾಸ, ಪಿಂಗ್‌ನಲ್ಲಿ ಇನ್ನೊಂದು ಬಂದರೆ /ಇಟಿಸಿ/ಹೋಸ್ಟ್ಸ್, ಐಪಿನೋಡ್ಸ್ ಫೈಲ್‌ಗಳನ್ನು ನೋಡಿ. ಎಂವಿಎಸ್ ಕಡೆ ಹೋಸ್ಟ್ಸ್.ಸೈಟ್‌ಇನ್‌ಫೋ ಡೇಟಾಸೆಟ್ ಇರಬಹುದು. ಹೋಸ್ಟ್ಸ್.ಲೋಕಲ್ ತಿದ್ದಿದರೆ ಸಾಲದು, ಮೇಕ್‌ಸೈಟ್ ಓಡಿಸಿದರೆ ಮಾತ್ರ ಅದು ಬದಲಾಗುತ್ತದೆ. ಹೊಸದಾಗಿ ಮಾಡುವವರು ಕಾಮನ್‌ಸರ್ಚ್ ಹಾಕಿ ಐಪಿನೋಡ್ಸ್ ಒಂದನ್ನೇ ಇಟ್ಟುಕೊಳ್ಳಿ, ಎರಡು ಕಡೆ ಬೇರೆ ಬೇರೆ ಪಟ್ಟಿ ನೋಡಿಕೊಳ್ಳುವ ಕಷ್ಟ ತಪ್ಪುತ್ತದೆ.

ಸಿಗುತ್ತದೆ, ಆದರೆ ನಿಧಾನ

ಒಂದೊಂದು ಹುಡುಕಾಟಕ್ಕೂ ಸರಿಯಾಗಿ 5 ಸೆಕೆಂಡ್, ಇಲ್ಲ 10 ಸೆಕೆಂಡ್ ಹಿಡಿಯುತ್ತಿದ್ದರೆ ಅದು ಕಾಕತಾಳೀಯ ಅಲ್ಲ. ರಿಸಾಲ್ವರ್‌ಟೈಮ್‌ಔಟ್ ಡೀಫಾಲ್ಟ್ 5 ಸೆಕೆಂಡ್. ಹಿಂದೆ ಇದು 30 ಇತ್ತು, ಆಮೇಲೆ ಇಳಿಸಿದರು. ಹಳೆಯ ಫೈಲ್‌ಗಳಲ್ಲಿ ಯಾರೋ 30 ಅಂತ ಬರೆದೇ ಇಟ್ಟಿರುತ್ತಾರೆ, ಅದನ್ನು ಹುಡುಕಿ. ಪಟ್ಟಿಯ ಮೊದಲ ನೇಮ್ ಸರ್ವರ್ ಸತ್ತಿದ್ದರೆ ಪ್ರತಿ ಪ್ರಶ್ನೆಯೂ ಮೊದಲು ಅದರ ಬಾಗಿಲು ತಟ್ಟಿ, 5 ಸೆಕೆಂಡ್ ಕಾದು, ಆಮೇಲೆ ಎರಡನೆಯದಕ್ಕೆ ಹೋಗುತ್ತದೆ. ಸರ್ಚ್‌ನಲ್ಲಿ ನಾಲ್ಕು ಡೊಮೈನ್ ಇದ್ದು ಚಿಕ್ಕ ಹೆಸರು ಕೊಟ್ಟಿದ್ದರೆ ಪ್ರತಿ ಡೊಮೈನ್‌ಗೂ ಇದೇ ಪಾಡು. ಗುಣಿಸಿ ನೋಡಿ, ಎಫ್‌ಟಿಪಿ ಜಾಬ್ ಯಾಕೆ ಎಳೆಯುತ್ತಿದೆ ಗೊತ್ತಾಗುತ್ತದೆ.

ಇದನ್ನು ರಿಸಾಲ್ವರ್ ಕನ್ಸೋಲ್‌ನಲ್ಲಿ ಕೂಗಿ ಹೇಳುತ್ತದೆ. ಯಾವುದೇ ನೇಮ್ ಸರ್ವರ್‌ಗೆ ಕಳಿಸಿದ ಪ್ರಶ್ನೆಗಳಲ್ಲಿ 25 ಶೇಕಡಾ ಅಥವಾ ಹೆಚ್ಚಿನವಕ್ಕೆ ಉತ್ತರ ಬರದಿದ್ದರೆ ಇಝಡ್‌ಝಡ್9308ಇ ಬರುತ್ತದೆ. 5 ನಿಮಿಷಕ್ಕೊಮ್ಮೆ ಲೆಕ್ಕ ಹಾಕುತ್ತದೆ, ಎಷ್ಟು ಕಳಿಸಿದ್ದು, ಎಷ್ಟು ಸೋತಿದ್ದು ಅಂತ 9310ಐನಲ್ಲಿ ಅಂಕಿ ಕೊಡುತ್ತದೆ. ಆ 25 ಬೇಡವೆಂದರೆ ಅನ್‌ರೆಸ್ಪಾನ್ಸಿವ್‌ಥ್ರೆಶೋಲ್ಡ್‌ನಲ್ಲಿ ಬದಲಿಸಬಹುದು. ಅದೇ ಸಾಲಿಗೆ ಆಟೋಕ್ವೈಸ್ ಸೇರಿಸಿದರೆ ಸತ್ತ ಸರ್ವರನ್ನು ತಾನೇ ಪಕ್ಕಕ್ಕಿಟ್ಟು, ಅದು ಎದ್ದ ಮೇಲೆ ಮತ್ತೆ ಸೇರಿಸಿಕೊಳ್ಳುತ್ತದೆ. ಇದಕ್ಕೂ ಗ್ಲೋಬಲ್ ಫೈಲ್ ಇರಲೇಬೇಕು. ನಮ್ಮಲ್ಲಿ 9308ಇ ಭಾನುವಾರ ರಾತ್ರಿಯೇ ಬಂದಿತ್ತು, ಆಮೇಲೆ ಲಾಗ್ ತೆಗೆದು ನೋಡಿದಾಗ ಕಂಡಿತು. ಆಟೋಮೇಶನ್‌ನಲ್ಲಿ ಆ ಮೆಸೇಜ್‌ಗೆ ಅಲರ್ಟ್ ಇರಲಿಲ್ಲ. ದಯವಿಟ್ಟು ನಿಮ್ಮಲ್ಲಿ ಇವತ್ತೇ ಅಲರ್ಟ್ ಹಾಕಿಸಿ.

ಲಾಗಿನ್ ಮಾತ್ರ ನಿಧಾನ, ಉಳಿದದ್ದೆಲ್ಲ ಸರಸರ ಅಂದರೆ ಉಲ್ಟಾ ಹುಡುಕಾಟ ಅನುಮಾನಿಸಿ. ಎಸ್‌ಎಸ್‌ಎಚ್ ಸರ್ವರ್ ಬಂದವರ ಐಪಿ ನೋಡಿ ಹೆಸರು ಹುಡುಕಲು ಹೋಗುತ್ತದೆ, ಪಿಟಿಆರ್ ರೆಕಾರ್ಡ್ ಕೊಡುವ ಸರ್ವರ್ ಉತ್ತರಿಸದಿದ್ದರೆ ಕಾಯುತ್ತದೆ. ಯೂಸ್‌ಡಿಎನ್ಎಸ್ ನೋ ಮಾಡಿ ನೋಡಿ. ಐಪಿವಿ6 ಆನ್ ಮಾಡಿದ ದಿನದಿಂದ ನಿಧಾನವಾಗಿದ್ದರೆ ಟ್ರೇಸ್‌ನಲ್ಲಿ ನಾಲ್ಕು ಎ ಇರುವ (ಐಪಿವಿ6 ವಿಳಾಸ ಕೇಳುವ) ಪ್ರಶ್ನೆಗಳಿಗೆ ಉತ್ತರ ಬರುತ್ತಿದೆಯಾ ನೋಡಿ. ಕೆಲವು ಲೋಡ್ ಬ್ಯಾಲೆನ್ಸರ್‌ಗಳು, ಫೈರ್‌ವಾಲ್‌ಗಳು ಅಂಥ ಪ್ರಶ್ನೆಯನ್ನು ಇಲ್ಲ ಅಂತಲೂ ಹೇಳದೆ ಸುಮ್ನೆ ನುಂಗಿಬಿಡುತ್ತವೆ.

ಒಬ್ಬರಿಗೆ ಮಾತ್ರ ಬರುತ್ತಿಲ್ಲ

ಒಂದೇ ಯೂಸರ್‌ಐಡಿಗೆ ತೊಂದರೆ ಅಂದರೆ ಆ ಹೆಸರಿನಲ್ಲಿ ಟಿಸಿಪಿಐಪಿ.ಡೇಟಾ ಅನ್ನುವ ಡೇಟಾಸೆಟ್ ಇದೆಯಾ ನೋಡಿ, ಯಾವಾಗಲೋ ಮಾಡಿ ಮರೆತದ್ದು. ಇಲ್ಲದಿದ್ದರೆ ಅನುಮತಿಗಳನ್ನು ನೋಡಿಕೊಳ್ಳುವ ರ‍್ಯಾಕ್‌ಎಫ್. ಯೂಸರ್‌ಗೆ ಓಎಂವಿಎಸ್ (ಯೂನಿಕ್ಸ್ ಕಡೆಯ) ಸೆಗ್ಮೆಂಟ್ ಇದೆಯಾ, ರಿಸಾಲ್ವ್.ಕಾನ್ಫ್ ಓದಲು ಎಲ್ಲರಿಗೂ ಪರ್ಮಿಶನ್ ಇದೆಯಾ, ಸಿಸ್ಟಮ್‌ನಲ್ಲಿ ನೆಟ್‌ಆಕ್ಸೆಸ್ ಬಳಸುತ್ತಿದ್ದರೆ ನೇಮ್ ಸರ್ವರ್ ಇರುವ ಜೋನ್‌ಗೆ ಆ ಯೂಸರ್‌ಗೆ ಅನುಮತಿ ಇದೆಯಾ. ಹೊತ್ತು ಹೊಂದಿಸಿಕೊಂಡು ಲಾಗ್‌ನಲ್ಲಿ ಅನುಮತಿ ಇಲ್ಲ ಅನ್ನುವ ಐಸಿಎಚ್408ಐ ಮೆಸೇಜ್ ಹುಡುಕಿ.

ನೆಟ್‌ವರ್ಕ್‌ನವರ ಹತ್ತಿರ ಹೋಗುವ ಮುಂಚೆ

ಸರಿಯಾದ ಫೈಲ್, ಸರಿಯಾದ ಸರ್ವರ್, ಆದರೂ ಟ್ರೇಸ್‌ನಲ್ಲಿ ಉತ್ತರವೇ ಇಲ್ಲ ಅಂದರೆ ಆಗ ಅವರನ್ನು ಕರೆಯಿರಿ. ಬರಿಗೈಲಿ ಹೋಗಬೇಡಿ. "ಡಿಎನ್ಎಸ್ ಬರ್ತಿಲ್ಲ" ಅಂದರೆ ಅವರು ತಮ್ಮ ಸರ್ವರ್ ನೋಡಿ ಸರಿಯಿದೆ ಅನ್ನುತ್ತಾರೆ, ಅಲ್ಲಿಗೆ ಒಂದು ಗಂಟೆ ಹೋಯ್ತು. ಪ್ರಶ್ನೆ ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಹೋಯಿತು, ಯಾವ ಸರ್ವರ್‌ಗೆ, ಯಾವ ಐಪಿಯಿಂದ ಹೊರಟಿತು, ಅದನ್ನು ಕೊಡಿ.

ಆ ಹೊರಟ ಐಪಿ ತುಂಬಾ ಮುಖ್ಯ. ಮೇನ್‌ಫ್ರೇಮ್‌ನಲ್ಲಿ ಸೋರ್ಸ್‌ವಿಪಾ ಇದ್ದರೆ ಪ್ಯಾಕೆಟ್ ವಿಪಾ ವಿಳಾಸ (ಯಾವ ಕಾರ್ಡಿಗೂ ಅಂಟಿರದ ವಿಳಾಸ) ಹೊತ್ತು ಹೋಗುತ್ತದೆ, ಇಲ್ಲದಿದ್ದರೆ ಓಎಸ್ಎ (ನೆಟ್‌ವರ್ಕ್ ಕಾರ್ಡ್) ವಿಳಾಸ. ಫೈರ್‌ವಾಲ್‌ನಲ್ಲಿ ಒಂದಕ್ಕೆ ಮಾತ್ರ ಅನುಮತಿ ಇರುತ್ತದೆ. ಟಿಸಿಪಿ/ಐಪಿ ಪ್ರೊಫೈಲ್‌ನಲ್ಲಿ ಯಾರೋ ಹೋಮ್ ಸಾಲುಗಳನ್ನು ಹಿಂದೆ ಮುಂದೆ ಮಾಡಿದರೆ ಸಾಕು, ನಿನ್ನೆ ಬರುತ್ತಿದ್ದ ಉತ್ತರ ಇವತ್ತು ನಿಲ್ಲುತ್ತದೆ. ಪ್ಯಾಕೆಟ್ ಟ್ರೇಸ್‌ಗೆ ಸಿಸ್‌ಟಿಸಿಪಿಡಿಎ ಸಿಟ್ರೇಸ್ ಶುರು ಮಾಡಿ ವಿ ಟಿಸಿಪಿಐಪಿ,,ಪಿಕೆಟಿಟ್ರೇಸ್,ಆನ್,ಪೋರ್ಟ್‌ನಮ್=53 ಕೊಟ್ಟರೆ ಇಷ್ಟೂ ಐಪಿಸಿಎಸ್ ಅನ್ನುವ ಟ್ರೇಸ್ ಓದುವ ಟೂಲ್‌ನಲ್ಲಿ ಕಾಣುತ್ತದೆ.

ಚಿಕ್ಕ ಉತ್ತರಗಳು ಬರುತ್ತವೆ, ಹತ್ತಾರು ವಿಳಾಸ ಇರುವ ಹೆಸರು ಮಾತ್ರ ಸಿಗುವುದಿಲ್ಲ ಅಂದರೆ ಫೈರ್‌ವಾಲ್‌ನಲ್ಲಿ 53ಕ್ಕೆ ಯುಡಿಪಿ ಮಾತ್ರ ಬಿಟ್ಟಿದ್ದಾರಾ ಕೇಳಿ. 1987ರ ಮೂಲ ಡಿಎನ್ಎಸ್ ನಿಯಮದಲ್ಲಿ ಯುಡಿಪಿ ಉತ್ತರಕ್ಕೆ 512 ಬೈಟ್ ಮಿತಿ. ಮೀರಿದರೆ ಉತ್ತರ ಕತ್ತರಿಸಿ ಬರುತ್ತದೆ, ಆಗ ಟಿಸಿಪಿಯಲ್ಲಿ ಮತ್ತೆ ಕೇಳಬೇಕು. ಟಿಸಿಪಿ ಮುಚ್ಚಿದ್ದರೆ ಅಲ್ಲಿಗೇ ನಿಂತಿತು.

ಕೆಲಸ ಆದ ಮೇಲೆ ಹಾಕಿದ ಟ್ರೇಸ್‌ಗಳನ್ನು ತೆಗೆಯಿರಿ. ಪ್ಯಾಕೆಟ್ ಟ್ರೇಸ್ ಆಫ್ ಮಾಡಿ, ಶೆಲ್‌ನಲ್ಲಿ ರಿಸಾಲ್ವರ್_ಟ್ರೇಸ್ ಅನ್‌ಸೆಟ್ ಮಾಡಿ, ಟಿಎಸ್‌ಓನಲ್ಲಿ ಡಿಡಿ ಫ್ರೀ ಮಾಡಿ, ಜೆಸಿಎಲ್‌ನಿಂದ ಆ ಸಿಸ್‌ಟಿಸಿಪಿಟಿ ಸಾಲು ಅಳಿಸಿ. ದಿನಕ್ಕೆ ಲಕ್ಷ ಸಲ ಹೆಸರು ಕೇಳುವ ಟಾಸ್ಕ್‌ನಲ್ಲಿ ಅದನ್ನು ಹಾಗೇ ಬಿಟ್ಟರೆ ನಾಳೆ ರಾತ್ರಿ ಸ್ಪೂಲ್ ತುಂಬಿದೆ ಅಂತ ಮತ್ತೆ ಫೋನ್ ಬರುತ್ತದೆ.